ತಕ್ಕಡಿಗೆ ಬಾರದ ಸಾಮಾನು

(ಬೆಂಗಳೂರಿನ ಬಡಾವಣೆಯೊಂದರ ಹಿರಿಯ ನಾಗರಿಕರ ವೇದಿಕೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಪುನರುಕ್ತಿಗಳನ್ನು ಕಳೆದು, ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯವನ್ನು ‘ವಿದ್ಯುನ್ಮಾನ ತ್ಯಾಜ್ಯ ಮತ್ತು ಜಾಗತಿಕ ಪರಿಸರ’ ಎಂದು ಅಚ್ಚು ಹಾಕಿಸಿದ್ದಾರೆ. ಜಗತ್ತಿನ ಲೆಕ್ಕವನ್ನು ಮೊದಲೇ ಹೇಳಿ ಮುಗಿಸಿಬಿಡುತ್ತೇನೆ. ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಪ್ರಪಂಚದಾದ್ಯಂತ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತು. ಸರಿಯಾಗಿ ಸಂಗ್ರಹಿಸಿ ಮರುಬಳಕೆ ಮಾಡಿದ್ದಕ್ಕೆ ದಾಖಲೆ ಇರುವುದು ಅದರ ಶೇ 22.3ರಷ್ಟಕ್ಕೆ ಮಾತ್ರ. ಇಂಥ ಅಂಕಿ ಕೇಳಿ ಎದ್ದು ಹೋಗಿ ಅಟ್ಟದಿಂದ ಹಳೆಯ ಟಿವಿ ಇಳಿಸಿದವರನ್ನು ನಾನು ಇದುವರೆಗೆ ಕಂಡಿಲ್ಲ. ಆದ್ದರಿಂದ ಇಂದು ಅಟ್ಟದ ಬಗ್ಗೆ, ಗುಜರಿ ಅಂಗಡಿಯ ತಕ್ಕಡಿಯ ಬಗ್ಗೆ ಮಾತ್ರ ಮಾತಾಡುತ್ತೇನೆ.

ನಾನು ರಿಪೇರಿ ಕಸುಬಿನವನು. ರೇಡಿಯೊದಿಂದ ಶುರು ಮಾಡಿ, ಟಿವಿಗೆ ಬಂದು, ಟಿವಿ ಕೆಡುವುದು ಕಡಿಮೆಯಾದ ಮೇಲೆ ಫ್ರಿಜ್ಜು, ವಾಷಿಂಗ್ ಮಷೀನುಗಳಿಗೆ ಕೈ ಹಾಕಿದವನು. ಬಿಡಿಭಾಗ ಹುಡುಕಿಕೊಂಡು ಎಸ್‌.ಪಿ. ರಸ್ತೆ, ಜಾಲಿ ಮೊಹಲ್ಲಾಗಳಲ್ಲಿ ಅಲೆದದ್ದಕ್ಕೆ ಲೆಕ್ಕವಿಲ್ಲ. ಅಲ್ಲಿ ಕಲಿತ ಒಂದೇ ಪಾಠವನ್ನು ಇಲ್ಲಿ ಬಿಡಿಸಿ ಹೇಳುವುದಷ್ಟೇ ನನ್ನ ಉದ್ದೇಶ. ಗುಜರಿಯವನ ಬಳಿ ತಾಮ್ರಕ್ಕೆ ಒಂದು ದರ, ಅಲ್ಯೂಮಿನಿಯಂಗೆ ಒಂದು, ಕಬ್ಬಿಣಕ್ಕೆ ಒಂದು, ಗಟ್ಟಿ ಪ್ಲಾಸ್ಟಿಕ್ಕಿಗೆ ಒಂದು ದರವಿದೆ. ಹಳೆಯ ಟಿವಿಯ ಸೀಸದ ಗಾಜಿಗೆ ದರವಿಲ್ಲ. ಫ್ರಿಜ್ಜಿನ ಗೋಡೆಯೊಳಗಿನ ಹಳದಿ ಫೋಮಿಗೆ ದರವಿಲ್ಲ. ಕಂಪ್ರೆಸರಿನೊಳಗಿನ ಗ್ಯಾಸಿಗಂತೂ ತಕ್ಕಡಿಯೇ ಇಲ್ಲ. ನಮ್ಮ ಮನೆಯಿಂದ ಹೊರಬಿದ್ದ ಯಂತ್ರದಲ್ಲಿ ಬೆಲೆ ಇರುವ ಭಾಗ ಊರು ಬಿಟ್ಟು ಕಾರ್ಖಾನೆ ಸೇರುತ್ತದೆ. ಬೆಲೆ ಇಲ್ಲದ ಭಾಗ ಊರಿನಲ್ಲೇ ಉಳಿಯುತ್ತದೆ, ರಾಜಕಾಲುವೆಯಲ್ಲೋ ಕೆರೆಯ ಅಂಚಿನಲ್ಲೋ ಖಾಲಿ ನಿವೇಶನದಲ್ಲೋ. ವಿಷ ಹೆಚ್ಚಾಗಿ ಇರುವುದು ಈ ಎರಡನೆಯ ಪಾಲಿನಲ್ಲೇ ಎಂಬುದು ನಮ್ಮ ದುರದೃಷ್ಟ.

ಫ್ರಿಜ್ಜನ್ನೇ ತೆಗೆದುಕೊಳ್ಳಿ. ಹಳೆಯ ಫ್ರಿಜ್ ಬಿಚ್ಚುವುದನ್ನು ನೀವು ಯಾರಾದರೂ ನಿಂತು ನೋಡಿದ್ದೀರೋ ಇಲ್ಲವೋ ನನಗೆ ಗೊತ್ತಿಲ್ಲ. ಮೈಸೂರು ರಸ್ತೆಯ ಕಡೆಯ ಒಂದು ಅಂಗಳದಲ್ಲಿ ನಾನು ನೋಡಿದ್ದನ್ನು ಹೇಳುತ್ತೇನೆ. ಇಬ್ಬರು ಹುಡುಗರು ಫ್ರಿಜ್ಜನ್ನು ಮುಂಭಾಗ ಕೆಳಗಾಗಿ ನೆಲಕ್ಕೆ ಕೆಡವುತ್ತಾರೆ. ಹಿಂಬದಿಯ ತಳದಲ್ಲಿ ಕಪ್ಪು ಮಡಕೆಯಂತೆ ಕುಳಿತಿರುವುದೇ ಕಂಪ್ರೆಸರ್. ಅದಕ್ಕೆ ಬಂದು ಸೇರುವ ತಾಮ್ರದ ಕೊಳವೆಗಳನ್ನು ಒಬ್ಬ ಕಟಿಂಗ್ ಪ್ಲೈಯರಿನಿಂದ ಕಚ್ಚಿ ಕತ್ತರಿಸುತ್ತಾನೆ. ಬುಸ್ ಎಂದು ಒಂದು ಸದ್ದು, ಅದರ ಹಿಂದೆಯೇ ಎಣ್ಣೆಯ ಕಮಟು ವಾಸನೆ. ಕೆಲವೇ ಕ್ಷಣ, ಗ್ಯಾಸ್ ಮುಗಿಯಿತು. ನಾಲ್ಕು ಬೋಲ್ಟು ಬಿಚ್ಚಿ ಕಂಪ್ರೆಸರನ್ನು ಒಂದು ಕಡೆ ಉರುಳಿಸುತ್ತಾರೆ. ಅದರ ಕಥೆ ಬೇರೆ, ಆಮೇಲೆ ಅದನ್ನು ಗ್ಯಾಸ್ ಕಟರಿನಿಂದ ಸೀಳಿ ಎಣ್ಣೆ ಬಸಿದು ವೈಂಡಿಂಗಿನ ತಾಮ್ರ ತೆಗೆಯುತ್ತಾರೆ. ಹಿಂಬದಿಯ ಕಂಡೆನ್ಸರ್ ಜಾಲರಿ ಕಬ್ಬಿಣದ ರಾಶಿಗೆ, ಒಳಗಿನ ಫ್ರೀಜರಿನ ತಗಡು ಅಲ್ಯೂಮಿನಿಯಂ ರಾಶಿಗೆ. ಕೊನೆಗೆ ಹೊರಮೈ ತಗಡನ್ನು ಸುಲಿಯುತ್ತಾರೆ. ಫೋಮು ತಗಡಿಗೆ ಅಂಟಿಕೊಂಡಿರುತ್ತದೆ, ಅದನ್ನು ಸಲಾಕೆಯಿಂದ ಕೆರೆದು ಕೆಡವಬೇಕು. ಸಂಜೆಯ ಹೊತ್ತಿಗೆ ಅಂಗಳದ ಒಂದು ಮೂಲೆ ಹಳದಿ ಪುಡಿಯಿಂದ ತುಂಬಿರುತ್ತದೆ. ಗಾಳಿ ಬಂದರೆ ರಸ್ತೆಗೆ, ಮಳೆ ಬಂದರೆ ಮೋರಿಗೆ.

ಆ ಬುಸ್ ಎಂಬ ಸದ್ದಿನ ಲೆಕ್ಕ ಹಾಕೋಣ. ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಕೊಂಡ ಮನೆಬಳಕೆಯ ಫ್ರಿಜ್ಜುಗಳಲ್ಲಿ ಹೆಚ್ಚಾಗಿ ಇರುವುದು ಆರ್‌-134ಎ ಎಂಬ ಗ್ಯಾಸ್, ನೂರರಿಂದ ನೂರೈವತ್ತು ಗ್ರಾಂ. ಇದರ ಒಂದು ಕಿಲೋ, ನೂರು ವರ್ಷಗಳ ಅವಧಿಯಲ್ಲಿ, ಸುಮಾರು 1,400 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಶಾಖವನ್ನು ಹಿಡಿದಿಡುತ್ತದೆ. ಅಂದರೆ ಆ ಹುಡುಗನ ಪ್ಲೈಯರಿನ ಒಂದು ಕಡಿತಕ್ಕೆ ನೂರೈವತ್ತು ಇನ್ನೂರು ಕಿಲೋ ಡೈಆಕ್ಸೈಡಿಗೆ ಸಮನಾದ ಗ್ಯಾಸ್ ಆಕಾಶಕ್ಕೆ ಹೋಯಿತು. ಅದಕ್ಕೂ ಹಿಂದಿನ ಫ್ರಿಜ್ಜುಗಳಲ್ಲಿ ಆರ್‌-12 ಇರುತ್ತಿತ್ತು. ಅದರ ಶಕ್ತಿ ಡೈಆಕ್ಸೈಡಿನ ಹತ್ತು ಸಾವಿರ ಪಟ್ಟಿಗೂ ಹೆಚ್ಚು. ಜೊತೆಗೆ ಓಝೋನ್ ಪದರವನ್ನೂ ತಿನ್ನುತ್ತದೆ. 1987ರ ಮಾಂಟ್ರಿಯಲ್ ಒಪ್ಪಂದದಂತೆ ಭಾರತ 2010ರ ಹೊತ್ತಿಗೆ ಅದರ ತಯಾರಿಕೆಗೆ ತೆರೆ ಎಳೆಯಿತು. ತಯಾರಿಕೆ ನಿಂತಿತೇ ವಿನಾ ಅದಾಗಲೇ ಮನೆಗಳಲ್ಲಿ ಇದ್ದದ್ದು ಎಲ್ಲಿಗೆ ಹೋಗಬೇಕು? ಇನ್ನೊಂದು ಸಂಗತಿ ರಿಪೇರಿಯವರಲ್ಲೂ ಎಷ್ಟೋ ಮಂದಿಗೆ ತಿಳಿದಿಲ್ಲ: ಆ ಕಾಲದ ಫೋಮನ್ನು ಉಬ್ಬಿಸಲು ಬಳಸಿದ್ದೂ ಅದೇ ಕುಲದ ಗ್ಯಾಸನ್ನೇ. ಕೊಳವೆಯಲ್ಲಿ ಇದ್ದದ್ದಕ್ಕಿಂತ ಹೆಚ್ಚು ಪಾಲು ಫೋಮಿನ ಗುಳ್ಳೆಗಳಲ್ಲಿ ಸಿಕ್ಕಿಕೊಂಡಿರುತ್ತದೆ. ಸಲಾಕೆಯಿಂದ ಕೆರೆದಷ್ಟೂ ಅದು ಹೊರಗೆ ಬರುತ್ತದೆ, ಸದ್ದೂ ಮಾಡದೆ.

ಈಚಿನ ಫ್ರಿಜ್ಜುಗಳಲ್ಲಿ ಆರ್‌-600ಎ ಇದೆ. ಇದು ಐಸೊಬ್ಯುಟೇನ್, ಅಡುಗೆ ಅನಿಲದ ಹತ್ತಿರದ ನೆಂಟ. ವಾತಾವರಣಕ್ಕೆ ಅಷ್ಟೇನೂ ಕೆಡುಕಿಲ್ಲ, ಆದರೆ ಹೊತ್ತಿಕೊಳ್ಳುತ್ತದೆ. ಹಳೆಯ ಅಭ್ಯಾಸದಲ್ಲಿ ಬೀಡಿ ಕಚ್ಚಿಕೊಂಡೇ ಕೊಳವೆ ಕತ್ತರಿಸುವವರಿಗೆ ಯಾರಾದರೂ ಇದನ್ನು ಹೇಳಬೇಕು. ಏಸಿಯ ವಿಚಾರ ಇನ್ನೂ ದೊಡ್ಡದು, ಏಕೆಂದರೆ ಅದರಲ್ಲಿ ಗ್ಯಾಸು ಗ್ರಾಂ ಲೆಕ್ಕದಲ್ಲಿ ಬರುವುದಿಲ್ಲ. ಮುಕ್ಕಾಲು ಕಿಲೋ, ಒಂದು ಕಿಲೋ ಇರುತ್ತದೆ. ಏಸಿ ಇರುವವರು ಮನೆ ಬದಲಿಸುವಾಗ ಮೆಕ್ಯಾನಿಕ್ ಗ್ಯಾಸನ್ನು ಹೊರಗಿನ ಯೂನಿಟ್ಟಿನೊಳಕ್ಕೆ ಎಳೆದು ಕಟ್ಟುತ್ತಾನೋ, ನಟ್ಟು ಸಡಿಲಿಸಿ ಗಾಳಿಗೆ ಬಿಡುತ್ತಾನೋ ಎಂಬುದನ್ನು ಪಕ್ಕದಲ್ಲೇ ನಿಂತು ನೋಡಿ. ಬಿಟ್ಟರೆ ಹೊಸ ಮನೆಯಲ್ಲಿ ಗ್ಯಾಸ್ ತುಂಬಿಸುವ ಖರ್ಚೂ ನಿಮ್ಮದೇ.

ಟಿವಿಗೆ ಬರೋಣ. ನಮ್ಮ ಕಾಲದ ದಪ್ಪ ಟಿವಿ. ಈ ಸಭೆಯಲ್ಲಿ ಕುಳಿತವರಲ್ಲಿ ಎಷ್ಟೋ ಮಂದಿಯ ಮನೆಯ ಬಿಪಿಎಲ್ ಸೆಟ್ಟನ್ನು ನಾನೇ ಬಿಚ್ಚಿದ್ದೇನೆ. ಅದರ ಪಿಕ್ಚರ್ ಟ್ಯೂಬು ಎಕ್ಸ್‌-ಕಿರಣ ಹುಟ್ಟಿಸುತ್ತದೆ. ಆ ಕಿರಣ ನಮಗೆ ತಾಗದಿರಲಿ ಎಂದೇ ಟ್ಯೂಬಿನ ಹಿಂಬದಿಯ ಆಲಿಕೆಯ ಆಕಾರದ ಗಾಜಿನಲ್ಲಿ ತೂಕದ ಐದನೇ ಒಂದು ಭಾಗದಷ್ಟು ಸೀಸದ ಆಕ್ಸೈಡನ್ನು ಬೆರೆಸುತ್ತಿದ್ದರು. ಟಿವಿ ನೋಡುವವನನ್ನು ಕಾಪಾಡಿದ ಸೀಸವೇ ಈಗ ಅದನ್ನು ಒಡೆಯುವವನ ಪಾಲಿಗೆ ವಿಷ. ಗುಜರಿಯಲ್ಲಿ ಮೊದಲು ಟ್ಯೂಬಿನ ಕುತ್ತಿಗೆ ಮುರಿಯುತ್ತಾರೆ. ಒಳಗಿರುವುದು ನಿರ್ವಾತ, ಸರಿಯಾಗಿ ಮುರಿಯದಿದ್ದರೆ ಗಾಜು ಸಿಡಿಯುತ್ತದೆ. ಕುತ್ತಿಗೆಗೆ ಸುತ್ತಿಕೊಂಡಿರುವ ಯೋಕ್ ಎಂಬ ತಾಮ್ರದ ಸುರುಳಿಯೇ ಅವರಿಗೆ ಬೇಕಾದದ್ದು. ಅದು ಬಂದ ಮೇಲೆ ಬೋರ್ಡು, ಸ್ಪೀಕರು, ಡಬ್ಬದ ಪ್ಲಾಸ್ಟಿಕ್ಕು. ಹತ್ತಾರು ಕಿಲೋ ಗಾಜು ಹಾಗೇ ಉಳಿಯುತ್ತದೆ.

ಒಂದು ಕಾಲಕ್ಕೆ ಈ ಗಾಜಿಗೂ ಬೆಲೆ ಇತ್ತು ಎಂಬುದನ್ನು ಮರೆಯಬಾರದು. ಹಳೆಯ ಟ್ಯೂಬಿನ ಗಾಜನ್ನು ಕರಗಿಸಿ ಹೊಸ ಟ್ಯೂಬು ಮಾಡುತ್ತಿದ್ದರು. ಎಲ್‌ಸಿಡಿ ಬಂದು ಪಿಕ್ಚರ್ ಟ್ಯೂಬಿನ ಕಾರ್ಖಾನೆಗಳು ಮುಚ್ಚಿದ ದಿನವೇ ಆ ಗಾಜು ಅನಾಥವಾಯಿತು. ಗಾಜು ಬದಲಾಗಲಿಲ್ಲ, ಅದರಲ್ಲಿರುವ ಸೀಸ ಬದಲಾಗಲಿಲ್ಲ, ಕೊಳ್ಳುವವನು ಇಲ್ಲವಾದ. ಅಟ್ಟದ ಮೇಲೆ ಟಿವಿ ಇಟ್ಟುಕೊಂಡು ‘ಮುಂದೆ ಒಳ್ಳೆಯ ಬೆಲೆ ಬಂದೀತು’ ಎಂದು ಕಾಯುತ್ತಿರುವವರಿಗೆ ಇದನ್ನು ಹೇಳುತ್ತಿದ್ದೇನೆ. ಬರುವುದಿಲ್ಲ. ಹಾಗೆಂದು ಅದನ್ನು ನೀವೇ ಬಿಚ್ಚಲು ಹೋಗಬೇಡಿ. ಪ್ಲಗ್ ತೆಗೆದು ಎಷ್ಟೋ ದಿನವಾದ ಮೇಲೂ ಆ ಟ್ಯೂಬು ಕೈಗೆ ಹೊಡೆಯುವಷ್ಟು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಲ್ಲದು.

ಗುಜರಿಯವರನ್ನು ಬೈಯುತ್ತಿದ್ದೇನೆ ಎಂದು ತಿಳಿಯಬೇಡಿ. ತಕ್ಕಡಿಯೊಳಗೆ ಬರುವ ವಸ್ತುಗಳ ಮಟ್ಟಿಗೆ ಅವರನ್ನು ಮೀರಿಸಿದ ವ್ಯವಸ್ಥೆ ನಮ್ಮ ದೇಶದಲ್ಲಿ ಇನ್ನೂ ಹುಟ್ಟಿಲ್ಲ. ಸೀಲಿಂಗ್ ಫ್ಯಾನ್, ಮಿಕ್ಸಿಯ ಮೋಟಾರು, ಇಸ್ತ್ರಿ ಪೆಟ್ಟಿಗೆ, ಗ್ರೈಂಡರು, ಗೀಸರಿನ ಟ್ಯಾಂಕು, ನೀರೆತ್ತುವ ಪಂಪು: ಇವೆಲ್ಲ ಬಹುಪಾಲು ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ. ಇವುಗಳಲ್ಲಿ ಒಂದು ತೊಲವೂ ವ್ಯರ್ಥವಾಗದಂತೆ ಬಿಡಿಸಿ ಕಳಿಸುತ್ತಾರೆ. ಆ ಸಾಮಾನನ್ನು ಧಾರಾಳವಾಗಿ ಅವರಿಗೇ ಕೊಡಿ. ವೈರುಗಳ ವಿಷಯದಲ್ಲಿ ಮಾತ್ರ ಒಂದು ಮಾತು. ಸಣ್ಣ ವೈರಿನ ಪ್ಲಾಸ್ಟಿಕ್ ಸುಲಿಯಲು ಕೂಲಿ ಗಿಟ್ಟುವುದಿಲ್ಲ, ಸುಟ್ಟರೆ ತಾಮ್ರ ಸುಲಭವಾಗಿ ಸಿಗುತ್ತದೆ. ಆ ಪ್ಲಾಸ್ಟಿಕ್ಕು ಪಿವಿಸಿ, ಅದರ ಹೊಗೆಯಲ್ಲಿ ಡಯಾಕ್ಸಿನ್ ಎಂಬ ವಿಷ ಇರುತ್ತದೆ. ರಾತ್ರಿ ಹೊತ್ತು ನಾಯಂಡಹಳ್ಳಿ, ಗೋರಿಪಾಳ್ಯದ ಕಡೆ ಮೂಗಿಗೆ ಅಡರುತ್ತಿದ್ದ ಕಟು ವಾಸನೆ ಏನೆಂದು ಅಲ್ಲಿ ಓಡಾಡಿದ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ತಕ್ಕಡಿಯ ನಿಯಮ ಒಳ್ಳೆಯದಕ್ಕೂ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಇನ್ವರ್ಟರ್ ಬ್ಯಾಟರಿಯನ್ನು ನೋಡಿ. ತೂಕದ ಅರ್ಧಕ್ಕಿಂತ ಹೆಚ್ಚು ಸೀಸ. ನಮ್ಮ ಮನೆಯಲ್ಲಿರುವ ಅತಿ ವಿಷಕಾರಿ ಸಾಮಾನುಗಳಲ್ಲಿ ಅದೂ ಒಂದು. ಆದರೂ ಇನ್ವರ್ಟರ್ ಬ್ಯಾಟರಿ ಕಸದ ತೊಟ್ಟಿಯಲ್ಲಿ ಬಿದ್ದಿರುವುದನ್ನು ಯಾರಾದರೂ ನೋಡಿದ್ದೀರಾ? ಹೊಸದು ಕೊಳ್ಳುವಾಗ ಹಳೆಯದಕ್ಕೆ ಒಳ್ಳೆಯ ಮೊತ್ತ ಕಳೆಯುತ್ತಾರೆ, ಮನೆಗೇ ಬಂದು ಹೊತ್ತೊಯ್ಯುತ್ತಾರೆ. ಮಾರಿದವರೇ ಹಳೆಯದನ್ನು ಹಿಂದಕ್ಕೆ ಪಡೆಯಬೇಕೆಂಬ ನಿಯಮ 2001ರಲ್ಲೇ ಬಂದಿತ್ತು, ನಿಜ. ನಿಯಮಕ್ಕಿಂತ ಗಟ್ಟಿಯಾಗಿ ನಿಂತಿರುವುದು ಸೀಸದ ಬೆಲೆ. ಇಲ್ಲಿಯೂ ಒಂದು ತೂತಿದೆ. ಬೀದಿಯಲ್ಲಿ ಬರುವವನಿಗೆ ಕೊಟ್ಟರೆ ಅವನು ತೂಕದ ಭಾರ ತಪ್ಪಿಸಿಕೊಳ್ಳಲು ಆಸಿಡ್ಡನ್ನು ಮೋರಿಗೆ ಸುರಿದು ಹೋಗಬಹುದು. ಆಮೇಲೆ ಸೀಸವನ್ನು ಊರಾಚೆಯ ಯಾವುದೋ ಶೆಡ್ಡಿನಲ್ಲಿ ಕರಗಿಸುತ್ತಾರೆ. ಇನ್ನೂರು ರೂಪಾಯಿ ಕಡಿಮೆ ಸಿಕ್ಕರೂ ಬ್ಯಾಟರಿಯನ್ನು ಅಂಗಡಿಗೇ ಕೊಡಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಲಿಥಿಯಂ ಬ್ಯಾಟರಿಯ ಕಥೆ ತಿರುವುಮುರುವು. ಮೊಬೈಲ್, ಪವರ್ ಬ್ಯಾಂಕ್, ಕಿವಿಗೆ ಸಿಕ್ಕಿಸುವ ಇಯರ್ ಬಡ್, ಗಡ್ಡದ ಟ್ರಿಮ್ಮರು, ಮೊಮ್ಮಗನ ಆಟದ ಕಾರು, ಎಲ್ಲದರಲ್ಲೂ ಅದೇ. ಒಂದೊಂದೂ ಹಗುರ, ಗುಜರಿಯವನ ಲೆಕ್ಕಕ್ಕೆ ಬಾರದಷ್ಟು ಸಣ್ಣದು. ಹಾಗಾಗಿ ಅದು ನೇರವಾಗಿ ಕಸದ ಬುಟ್ಟಿಗೆ ಹೋಗುತ್ತದೆ. ಕಸವನ್ನು ಒತ್ತಿ ತುಂಬುವ ಲಾರಿಯಲ್ಲಿ ಅದು ನಜ್ಜುಗುಜ್ಜಾದರೆ ಒಳಗೇ ಶಾರ್ಟ್ ಆಗಿ ಹೊತ್ತಿಕೊಳ್ಳುತ್ತದೆ, ನೀರು ಹಾಕಿದರೂ ಬೇಗ ಆರುವುದಿಲ್ಲ. ಬ್ಯಾಟರಿ ಉಬ್ಬಿದ ಫೋನನ್ನು ಚಾರ್ಜಿಗೆ ಹಾಕಬೇಡಿ. ಉಬ್ಬನ್ನು ಒತ್ತಬೇಡಿ, ಚುಚ್ಚಬೇಡಿ. ಬಿಡಿ ಬ್ಯಾಟರಿಯಾದರೆ ಅದರ ತುದಿಗಳಿಗೆ ಟೇಪು ಸುತ್ತಿ, ಒಣಗಿದ ಡಬ್ಬದಲ್ಲಿ ಬೇರೆಯಾಗಿ ಇಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವಲ್ಲಿಗೆ ಮುಟ್ಟಿಸಿ. ಹಲ್ಲುಜ್ಜುವ ಬ್ರಷ್ಷಿನೊಳಗೆ ಬ್ಯಾಟರಿ ಇಡುವ ಅಗತ್ಯ ಯಾರಿಗೆ ಬಂತೋ ನನಗೆ ಇವತ್ತಿಗೂ ತಿಳಿದಿಲ್ಲ.

ಮೊಬೈಲಿನಲ್ಲಿ ಚಿನ್ನವಿದೆ ಎಂಬುದನ್ನು ನೀವೆಲ್ಲ ಕೇಳಿದ್ದೀರಿ. ಇದೆ. ಒಂದು ಟನ್ ಹಳೆಯ ಮೊಬೈಲುಗಳಲ್ಲಿ ಇನ್ನೂರು ಮುನ್ನೂರು ಗ್ರಾಂ ಚಿನ್ನ ಸಿಗುತ್ತದೆ ಎಂಬ ಲೆಕ್ಕವಿದೆ. ಚಿನ್ನದ ಗಣಿಗಳ ಅದಿರಿನಲ್ಲಿ ಟನ್ನಿಗೆ ಕೆಲವೇ ಗ್ರಾಂ ಸಿಕ್ಕರೂ ಗಣಿ ನಡೆಸುತ್ತಾರೆ. ಆದರೆ ಒಂದು ಫೋನಿನ ಪಾಲಿಗೆ ಬರುವುದು ಒಂದು ಗ್ರಾಮಿನ ಮೂವತ್ತನೇ ಒಂದು ಭಾಗದಷ್ಟು, ಸಣ್ಣ ಮೂಗುಬೊಟ್ಟಿನ ಕಾಲುಭಾಗಕ್ಕೂ ಸಾಲದು. ಇದನ್ನು ಸರಿಯಾಗಿ ತೆಗೆಯಲು ದೊಡ್ಡ ಕುಲುಮೆ ಬೇಕು. ಗಲ್ಲಿಯಲ್ಲಿ ತೆಗೆಯುವವರು ಬೋರ್ಡನ್ನು ಆಸಿಡ್ಡಿನಲ್ಲಿ ಅದ್ದುತ್ತಾರೆ. ಒಂದಿಷ್ಟು ಚಿನ್ನ ಸಿಗುತ್ತದೆ, ಉಳಿದ ಆಸಿಡ್ಡು ಚರಂಡಿಗೆ. ಇದು ನಮ್ಮ ನಾಡಿಗೆ ಹೊಸ ಕಥೆಯೇನೂ ಅಲ್ಲ. ಕೋಲಾರದ ಗಣಿಗಳು ನೂರಿಪ್ಪತ್ತು ವರ್ಷ ನಡೆದು 2001ರಲ್ಲಿ ಮುಚ್ಚಿದವು. ಅಲ್ಲಿಂದ ಬಂದ ಚಿನ್ನ ಎಲ್ಲೆಲ್ಲಿಗೋ ಹೋಯಿತು. ಪುಡಿ ಮಾಡಿ ಸೈನೈಡಿನಲ್ಲಿ ತೊಳೆದ ಮಣ್ಣು ಕೆಜಿಎಫ್‌ನಲ್ಲಿ ದಿಬ್ಬ ದಿಬ್ಬವಾಗಿ ಇವತ್ತಿಗೂ ನಿಂತಿದೆ. ಬೇಸಿಗೆಯ ಗಾಳಿಗೆ ಅದರ ದೂಳು ಊರಿನ ಮೇಲೆ ಹೇಗೆ ಹಾರುತ್ತದೆ ಎಂದು ಅಲ್ಲಿ ನೆಂಟರಿರುವವರನ್ನು ಕೇಳಿ.

ಕಾನೂನು ಏನು ಮಾಡುತ್ತಿದೆ ಎಂದು ನೀವು ಕೇಳಬಹುದು. ಇ-ತ್ಯಾಜ್ಯಕ್ಕೆಂದೇ ಮೊದಲ ನಿಯಮ ಬಂದದ್ದು 2011ರಲ್ಲಿ. 2016ರಲ್ಲಿ ಅದನ್ನು ಬದಲಿಸಿದರು, 2022ರಲ್ಲಿ ಮತ್ತೆ ಬದಲಿಸಿದರು. ಈಗಿನದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಿಂದೆ 21 ಬಗೆಯ ಸಾಮಾನುಗಳಿದ್ದ ಪಟ್ಟಿ ಈಗ 106ಕ್ಕೆ ಏರಿದೆ. ತಯಾರಿಸಿದ ಕಂಪನಿಯೇ ತನ್ನ ಸಾಮಾನಿನ ಕೊನೆಗಾಲಕ್ಕೂ ಹೊಣೆ ಎಂಬುದು ಇದರ ತಿರುಳು. ಮೊದಲ ಎರಡು ವರ್ಷ ಶೇ 60, ಆಮೇಲಿನ ಎರಡು ವರ್ಷ ಶೇ 70, 2027-28ರಿಂದ ಶೇ 80ರಷ್ಟು ಮರುಬಳಕೆಯ ಗುರಿಯನ್ನು ಅವರಿಗೆ ಹಾಕಿದ್ದಾರೆ. ಕಂಪನಿ ತಾನೇ ಬಂದು ನಿಮ್ಮ ಟಿವಿ ಹೊತ್ತುಕೊಂಡು ಹೋಗಬೇಕಿಲ್ಲ. ಇಷ್ಟು ಮರುಬಳಕೆಯಾಯಿತು ಎಂಬ ಪ್ರಮಾಣಪತ್ರವನ್ನು ನೋಂದಾಯಿತ ಮರುಬಳಕೆದಾರರಿಂದ ಕೊಂಡರೆ ಸಾಕು. ಆ ಪ್ರಮಾಣಪತ್ರ ಹುಟ್ಟುವುದು ಯಾವುದರ ಮೇಲೆ ಗೊತ್ತೇ? ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ. ಈ ನಾಲ್ಕು ಲೋಹಗಳ ಲೆಕ್ಕದ ಮೇಲೆ.

ನನಗೆ ಇದನ್ನು ಓದಿದಾಗ ನಗು ಬಂತು, ಸಿಟ್ಟೂ ಬಂತು. ಗುಜರಿಯವನ ತಕ್ಕಡಿಯನ್ನೇ ತಂದು ಸರ್ಕಾರಿ ಜಾಲತಾಣದಲ್ಲಿ ನೇತುಹಾಕಿದ್ದಾರೆ! ಸೀಸದ ಗಾಜನ್ನು, ಫೋಮನ್ನು ಜೋಪಾನವಾಗಿ ವಿಲೇವಾರಿ ಮಾಡಬೇಕು ಎಂದು ನಿಯಮದಲ್ಲಿ ಬರೆದಿದೆ, ಇಲ್ಲವೆನ್ನುವುದಿಲ್ಲ. ಆದರೆ ಹಣ ಹರಿಯುವುದು ಲೋಹದ ಕಡೆಗೆ. ಮರುಬಳಕೆದಾರರಿಗೆ ಕಂಪನಿಗಳು ಕೊಡಬೇಕಾದ ಕನಿಷ್ಠ ದರವನ್ನು ಸರ್ಕಾರ ಕಿಲೋಗೆ 22 ರೂಪಾಯಿ ಎಂದು ನಿಗದಿ ಮಾಡಿದ್ದಕ್ಕೆ ಕೆಲವು ದೊಡ್ಡ ಕಂಪನಿಗಳು ದೆಹಲಿ ಹೈಕೋರ್ಟಿನ ಮೆಟ್ಟಿಲು ಹತ್ತಿವೆ. ಸಾವಿರಾರು ರೂಪಾಯಿಯ ಟಿವಿ ಮಾರುವವರಿಗೆ ಕಿಲೋಗೆ ಇಪ್ಪತ್ತೆರಡು ರೂಪಾಯಿ ಭಾರವಾಯಿತಂತೆ. ಬೆಲೆಯಿಲ್ಲದ ಭಾಗಕ್ಕೆ ಯಾರಾದರೂ ಬೆಲೆ ಕಟ್ಟಲೇಬೇಕು. ಮಾರುವವರು ಕಟ್ಟಲಿ ಎಂಬುದು ನ್ಯಾಯ. ಅವರು ಕಟ್ಟುವವರೆಗೂ ಆ ಬೆಲೆಯ ಒಂದು ಪಾಲನ್ನು ನಾವು ಬಿಟ್ಟುಕೊಡಬಹುದು. ಹೇಗೆಂದರೆ, ಹಳೆಯ ಫ್ರಿಜ್ಜಿಗೆ ಐನೂರು ಕೊಡುವವನನ್ನೂ ಏಳುನೂರು ಕೊಡುವವನನ್ನೂ ಪಕ್ಕಪಕ್ಕ ನಿಲ್ಲಿಸಿ ಚೌಕಾಸಿ ಮಾಡುವುದನ್ನು ಬಿಡುವುದು. ಗ್ಯಾಸನ್ನು ಯಂತ್ರದಿಂದ ಹೀರಿ ಸಿಲಿಂಡರಿಗೆ ತುಂಬಿಸುವವನಿಗೆ ಖರ್ಚಿದೆ. ಗಾಳಿಗೆ ಬಿಡುವವನಿಗೆ ಖರ್ಚಿಲ್ಲ, ಅದಕ್ಕೇ ಅವನು ಇನ್ನೂರು ಹೆಚ್ಚು ಕೊಡಬಲ್ಲ.

ಇನ್ನು ಬದಲಿಸುವುದೋ ರಿಪೇರಿ ಮಾಡಿಸುವುದೋ ಎಂಬ ಪ್ರಶ್ನೆ. ರಿಪೇರಿಯವನನ್ನು ಕೇಳಿದರೆ ರಿಪೇರಿ ಮಾಡಿಸಿ ಎಂದೇ ಹೇಳುತ್ತಾನೆ ಎಂದು ನಗುತ್ತೀರಿ. ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಗ್ರೈಂಡರುಗಳ ವಿಷಯದಲ್ಲಿ ಖಂಡಿತ ಹಾಗೇ ಹೇಳುತ್ತೇನೆ. ಮಿಕ್ಸಿಯಲ್ಲಿ ಕೆಡುವುದು ಕಾರ್ಬನ್ ಬ್ರಷ್ಷು, ಕಪ್ಲರು, ಸ್ವಿಚ್ಚು. ಎಲ್ಲವೂ ನೂರಿನ್ನೂರರೊಳಗೆ ಸಿಗುತ್ತವೆ. ಫ್ಯಾನಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಹಳೆಯ ಫ್ಯಾನು 75 ವ್ಯಾಟ್ ತಿನ್ನುತ್ತದೆ, ಈಗಿನ ಬಿಎಲ್‌ಡಿಸಿ, ಅಂದರೆ ಬ್ರಷ್ ಇಲ್ಲದ ಡಿಸಿ ಮೋಟಾರಿನ ಫ್ಯಾನು ಸುಮಾರು 30. ದಿನಕ್ಕೆ ಹತ್ತು ಗಂಟೆ ತಿರುಗುವ ಫ್ಯಾನಾದರೆ ವರ್ಷಕ್ಕೆ 160 ಯೂನಿಟ್ಟಿಗೂ ಹೆಚ್ಚು ಉಳಿಯುತ್ತದೆ. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ ಮೂರು ವರ್ಷದ ಆಸುಪಾಸಿನಲ್ಲಿ ಅದರ ಬೆಲೆ ಹುಟ್ಟುತ್ತದೆ. ಕೆಳಗಿಳಿಸಿದ ಹಳೆಯ ಫ್ಯಾನು ಗುಜರಿಯಲ್ಲಿ ಚೆನ್ನಾಗಿಯೇ ಬಿಡಿಯಾಗುತ್ತದೆ.

ಫ್ರಿಜ್ಜಿಗೆ ಈ ಲೆಕ್ಕ ಅಷ್ಟು ಸಲೀಸಲ್ಲ. ಇಪ್ಪತ್ತು ವರ್ಷದ ಎರಡು ಬಾಗಿಲಿನ ಫ್ರಿಜ್ಜು ದಿನಕ್ಕೆ ಒಂದೂವರೆ, ಕೆಲವೊಮ್ಮೆ ಎರಡು ಯೂನಿಟ್ ತಿನ್ನುವುದುಂಟು. ಅದೇ ಗಾತ್ರದ ಹೊಸದರ ಲೇಬಲ್ಲಿನ ಮೇಲೆ ವರ್ಷಕ್ಕೆ 200ರಿಂದ 250 ಯೂನಿಟ್ ಎಂದಿರುತ್ತದೆ. ದಿನಕ್ಕೆ ಒಂದು ಯೂನಿಟ್ ಉಳಿದರೂ ವರ್ಷಕ್ಕೆ ಸುಮಾರು ಎರಡು ಸಾವಿರದ ಇನ್ನೂರು ರೂಪಾಯಿ. ಇಪ್ಪತ್ತೈದು ಸಾವಿರ ಕೊಟ್ಟು ಕೊಂಡ ಫ್ರಿಜ್ಜಿನ ದುಡ್ಡು ಹಿಂದಿರುಗಲು ಹತ್ತು ವರ್ಷ ಮೀರುತ್ತದೆ. ಆದ್ದರಿಂದ ಚೆನ್ನಾಗಿ ತಂಪು ಕೊಡುತ್ತಿರುವ ಫ್ರಿಜ್ಜನ್ನು ‘ಕರೆಂಟ್ ಉಳಿಸಲು’ ಎಂದು ಬದಲಿಸುವುದು ಅಂಗಡಿಯವರ ಲೆಕ್ಕವೇ ಹೊರತು ನಿಮ್ಮದಲ್ಲ. ಮೊದಲು ಬಾಗಿಲಿನ ಗ್ಯಾಸ್ಕೆಟ್, ಅಂದರೆ ಅಂಚಿನ ರಬ್ಬರು ಪಟ್ಟಿ ನೋಡಿ. ಬಾಗಿಲ ಸಂದಿನಲ್ಲಿ ಒಂದು ಕಾಗದ ಸಿಕ್ಕಿಸಿ ಮುಚ್ಚಿ ಎಳೆಯಿರಿ; ಸಲೀಸಾಗಿ ಜಾರಿ ಬಂದರೆ ಗ್ಯಾಸ್ಕೆಟ್ ಬದಲಿಸಿ. ಹದಿನೈದು ವರ್ಷ ದಾಟಿದ ಫ್ರಿಜ್ಜಿನ ಕಂಪ್ರೆಸರೇ ಹೋಯಿತು ಎಂದಾದರೆ ಮಾತ್ರ ಅದರ ಮೇಲೆ ದುಡ್ಡು ಸುರಿಯಬೇಡಿ, ಬೀಳ್ಕೊಡಿ.

ನಿಮ್ಮ ಫ್ರಿಜ್ಜು ಎಷ್ಟು ತಿನ್ನುತ್ತದೆಂದು ತಿಳಿಯಲು ಯಾವ ಯಂತ್ರವೂ ಬೇಡ. ಎರಡು ದಿನ ಊರಿಗೆ ಹೋಗುವಾಗ ಫ್ರಿಜ್ಜೊಂದನ್ನು ಬಿಟ್ಟು ಎಲ್ಲವನ್ನೂ ಆರಿಸಿ, ಮೀಟರಿನ ಅಂಕಿ ಬರೆದಿಟ್ಟು ಹೋಗಿ, ಬಂದ ಮೇಲೆ ಮತ್ತೆ ನೋಡಿ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಸೊನ್ನೆ ಬಿಲ್ಲಿನ ಮನೆಗಳಲ್ಲಿ ಈ ಕುತೂಹಲ ಸತ್ತುಹೋಗಿದೆ. ಮಹಡಿಯ ಮೇಲೊಂದು ಹಳೆಯ ಫ್ರಿಜ್ಜು ನೀರಿನ ಬಾಟಲಿ ತಣ್ಣಗಿಡಲೆಂದೇ ಗುರುಗುಡುತ್ತಿರುವ ಮನೆಗಳನ್ನು ನಾನು ನೋಡಿದ್ದೇನೆ. ಬೇಸಿಗೆಯಲ್ಲಿ 200 ಯೂನಿಟ್ ದಾಟಿ ಪೂರ್ತಿ ಬಿಲ್ ಬಂದಾಗ ಬೆಸ್ಕಾಂನವರ ಮೇಲೆ ಹರಿಹಾಯುವವರೂ ಅವರೇ.

ಕೊನೆಗೆ, ಯಾರಿಗೆ ಕೊಡುವುದು? ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಲ್ಲಿ ನೋಂದಾಯಿತ ಮರುಬಳಕೆದಾರರ ಪಟ್ಟಿ ಇದೆ. ಬೆಂಗಳೂರಿನವರಿಗೆ ಈ ವಿಷಯದಲ್ಲಿ ಅದೃಷ್ಟವಿದೆ: ದೇಶದಲ್ಲಿ ಸರ್ಕಾರದ ಮಾನ್ಯತೆ ಪಡೆದ ಮೊದಲ ಇ-ತ್ಯಾಜ್ಯ ಘಟಕ, ಇ-ಪರಿಸರ, 2005ರಲ್ಲಿ ಶುರುವಾದದ್ದು ಇಲ್ಲೇ ದಾಬಸ್‌ಪೇಟೆಯಲ್ಲಿ. ಬಡಾವಣೆಯ ಸಂಘ ಒಂದು ಭಾನುವಾರ ನಿಗದಿ ಮಾಡಿ ಎಲ್ಲರ ಸಾಮಾನನ್ನೂ ಒಟ್ಟಿಗೆ ಸೇರಿಸಿದರೆ ಇಂಥವರು ಗಾಡಿ ಕಳಿಸುತ್ತಾರೆ. ಒಬ್ಬರ ಮನೆಯ ಒಂದು ಕೀಬೋರ್ಡಿಗೆ ಯಾರೂ ಬರುವುದಿಲ್ಲ. ಬಂದವರ ಬಳಿ ನೋಂದಣಿ ಸಂಖ್ಯೆ ಇರುವ ರಸೀದಿ ಕೇಳಿ, ಫ್ರಿಜ್ ಇದ್ದರೆ ಗ್ಯಾಸ್ ಏನು ಮಾಡುತ್ತೀರಿ ಎಂದು ಕೇಳಿ. ಉತ್ತರಕ್ಕೆ ತಡವರಿಸಿದರೆ ಅದೇ ಉತ್ತರ. ಎಲ್ಲಕ್ಕಿಂತ ಮುಖ್ಯವಾಗಿ, ಸಾಮಾನನ್ನು ಇಡಿಯಾಗಿ ಕೊಡಿ. ತಾಮ್ರಕ್ಕೆಂದು ಕಂಪ್ರೆಸರನ್ನು ಮೊದಲೇ ಕಿತ್ತು ಮಾರಿ, ಉಳಿದ ಕಳೇಬರವನ್ನು ‘ಪರಿಸರ ಸ್ನೇಹಿಯಾಗಿ ವಿಲೇವಾರಿ ಮಾಡಿ’ ಎಂದು ಒಪ್ಪಿಸುವ ಜಾಣರಿದ್ದಾರೆ. ಅಂಥದ್ದನ್ನು ತೆಗೆದುಕೊಂಡವನು ನಷ್ಟ ತುಂಬಿಕೊಳ್ಳುವುದು ಎಲ್ಲಿಂದ?

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವು.

ಗುಜರಿಯವರ ಹೊಟ್ಟೆಯ ಮೇಲೆ ಹೊಡೆದಂತಾಗುವುದಿಲ್ಲವೇ ಎಂದು ಒಬ್ಬರು ಕೇಳಿದರು. ಅವರಿಗೆ ಲಾಭ ತರುವ ಸಾಮಾನನ್ನು ಅವರಿಗೇ ಕೊಡಿ ಎಂದು ಆಗಲೇ ಹೇಳಿದೆ. ಅವರ ಕೈಯನ್ನೂ ಪುಪ್ಪುಸವನ್ನೂ ಕೆಡಿಸುವ ಕೊನೆಯ ಹಂತವನ್ನು ಮಾತ್ರ ಅವರಿಂದ ತಪ್ಪಿಸಬೇಕು. ಬೆಂಗಳೂರಿನಲ್ಲಿ ಕಸ ಆಯುವವರಿಗೆ ಪಾಲಿಕೆ 2011ರಿಂದ ಗುರುತಿನ ಚೀಟಿ ಕೊಡಲು ಆರಂಭಿಸಿತು. ವಾರ್ಡಿನ ಒಣತ್ಯಾಜ್ಯ ಸಂಗ್ರಹ ಕೇಂದ್ರಗಳನ್ನು ಹಲವು ಕಡೆ ಇಂದು ನಡೆಸುತ್ತಿರುವವರು ಒಂದು ಕಾಲಕ್ಕೆ ಬೀದಿಯಲ್ಲಿ ಆಯ್ದವರೇ. ಇ-ತ್ಯಾಜ್ಯವನ್ನು ಅವರು ಒಟ್ಟುಮಾಡಿ, ಬಿಡಿಸದೆ ಮುಂದಕ್ಕೆ ಕಳಿಸಿ ಕಮಿಷನ್ ಪಡೆಯುವ ದಾರಿ ಇದ್ದರೆ ಎರಡೂ ಕಡೆ ಲಾಭ.

ಹಬ್ಬದ ಎಕ್ಸ್‌ಚೇಂಜ್ ಮೇಳದಲ್ಲಿ ಕೊಟ್ಟದ್ದು ಎಲ್ಲಿಗೆ ಹೋಗುತ್ತದೆ ಎಂಬುದು ಇನ್ನೊಂದು ಪ್ರಶ್ನೆ. ನಡೆಯುತ್ತಿರುವುದಾದರೆ ಸೆಕೆಂಡ್ ಹ್ಯಾಂಡ್ ವ್ಯಾಪಾರಿಗೆ, ಅಲ್ಲಿಂದ ಯಾವುದೋ ಬ್ಯಾಚುಲರ್ ಕೋಣೆಗೋ ಹಳ್ಳಿಗೋ. ಅದು ಕೆಟ್ಟದ್ದಲ್ಲ, ಸಾಮಾನಿನ ಆಯುಷ್ಯ ಬೆಳೆಯುತ್ತದೆ. ಕೆಟ್ಟದ್ದಾದರೆ ಸಗಟಾಗಿ ಹರಾಜಿಗೆ, ಹರಾಜಿನಿಂದ ನಾನು ವರ್ಣಿಸಿದ ಅಂಗಳಕ್ಕೆ. ಸತ್ತ ಫ್ರಿಜ್ಜನ್ನು ಎಕ್ಸ್‌ಚೇಂಜಿಗೆ ಹಾಕಬೇಡಿ.

ಹಳೆಯ ಫೋನು ಕೊಟ್ಟರೆ ಬ್ಯಾಂಕಿನ ದುಡ್ಡು ಹೋದೀತೆಂಬ ಹೆದರಿಕೆ ಬಹಳ ಮಂದಿಗೆ. ಸಿಮ್ಮು, ಮೆಮೊರಿ ಕಾರ್ಡು ತೆಗೆಯಿರಿ. ಯುಪಿಐ ಆ್ಯಪ್‌ಗಳಿಂದಲೂ ಗೂಗಲ್ ಖಾತೆಯಿಂದಲೂ ಹೊರಬನ್ನಿ, ಆಮೇಲೆ ಫ್ಯಾಕ್ಟರಿ ರಿಸೆಟ್ ಮಾಡಿ. ಖಾತೆಯಿಂದ ಹೊರಬರದೆ ರಿಸೆಟ್ ಮಾಡಿದರೆ ಫೋನು ಬೀಗ ಹಾಕಿಕೊಳ್ಳುತ್ತದೆ, ಚೆನ್ನಾಗಿರುವ ಫೋನನ್ನೂ ಯಾರೂ ಮತ್ತೆ ಬಳಸಲಾಗದು. ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಬಿಚ್ಚಿ ಡ್ರಿಲ್ಲಿನಿಂದ ತೂತು ಹಾಕಿದರೆ ನಿಶ್ಚಿಂತೆ.

‘ನಮ್ಮ ಟಿವಿಯನ್ನು ಮನೆಗೆಲಸದವಳಿಗೆ ಕೊಟ್ಟುಬಿಟ್ಟೆ’ ಎಂದು ಒಬ್ಬರು ಹೆಮ್ಮೆಯಿಂದ ಹೇಳಿದರು. ದಪ್ಪ ಟಿವಿ. ಹೀಗೆ ಹೇಳಿದ್ದಕ್ಕೆ ಅವರು ಬೇಸರಿಸಬಾರದು: ಆರು ತಿಂಗಳಿಗೆ ಸೆಟ್ಟು ನಿಂತರೆ ಅದನ್ನು ಸಾಗಿಸುವ ತಲೆನೋವು, ಹತ್ತಡಿ ಮನೆಯಲ್ಲಿ ಅದು ಹಿಡಿಯುವ ಜಾಗ ಎಲ್ಲ ಆಕೆಯ ಪಾಲಿಗೆ. ಕೊಡುವುದಾದರೆ ಇನ್ನೂ ಕೆಲವು ವರ್ಷ ಬಾಳುವುದನ್ನು ಕೊಡಿ, ಕೆಟ್ಟ ದಿನ ನಾನೇ ವಾಪಸು ತೆಗೆದುಕೊಳ್ಳುತ್ತೇನೆ ಎಂದು ಹೇಳಿ ಕೊಡಿ.

ಟ್ಯೂಬ್‌ಲೈಟು, ಸಿಎಫ್‌ಎಲ್ ಬಲ್ಬುಗಳ ಒಳಗೆ ಕೆಲವು ಮಿಲಿಗ್ರಾಂ ಪಾದರಸ ಇರುತ್ತದೆ. ಒಡೆಯದೆ, ಹೊಸದರ ಪೊಟ್ಟಣದಲ್ಲೇ ಹಾಕಿ ಇ-ತ್ಯಾಜ್ಯದ ಜೊತೆ ಕೊಡಿ. ಒಡೆದರೆ ಕಿಟಕಿ ತೆರೆದು ಕಾಲು ಗಂಟೆ ಹೊರಗಿದ್ದು, ಗಟ್ಟಿ ಕಾಗದದಿಂದ ಚೂರುಗಳನ್ನು ಬಳಿಯಿರಿ; ಪೊರಕೆ ಬೇಡ.

ಕೊನೆಯ ಸಾಲಿನಲ್ಲಿ ಕುಳಿತಿದ್ದ ಹಿರಿಯ ತಾಯಿಯೊಬ್ಬರು ತಮ್ಮ ಯಜಮಾನರ ಕಾಲದ ಮರದ ಪೆಟ್ಟಿಗೆಯ ವಾಲ್ವ್ ರೇಡಿಯೊ ಇದೆ, ಮಗ ಎಸೆಯಲು ಹೇಳುತ್ತಿದ್ದಾನೆ, ಇದು ಇ-ತ್ಯಾಜ್ಯವೇ ಎಂದು ಕೇಳಿದರು. ಎಸೆಯಬೇಡಿ ಅಮ್ಮಾ. ಇಟ್ಟುಕೊಳ್ಳಲು ಮನಸ್ಸಿಲ್ಲದಿದ್ದರೆ ಹಳೆಯ ರೇಡಿಯೊ ಸಂಗ್ರಹಿಸುವವರು ಊರಿನಲ್ಲಿ ಬೇಕಾದಷ್ಟಿದ್ದಾರೆ, ಸಂತೋಷದಿಂದ ಬಂದು ಒಯ್ಯುತ್ತಾರೆ. ಕೇಳುವ ಆಸೆಯಿದ್ದರೆ ನೇರವಾಗಿ ಪ್ಲಗ್ಗಿಗೆ ಮಾತ್ರ ಹಾಕಬೇಡಿ; ಇಷ್ಟು ವರ್ಷ ಸುಮ್ಮನಿದ್ದ ಕೆಪಾಸಿಟರುಗಳು ಕೆಟ್ಟಿರುತ್ತವೆ, ಟ್ರಾನ್ಸ್‌ಫಾರ್ಮರನ್ನೂ ಸುಟ್ಟುಹಾಕುತ್ತವೆ. ಮೊದಲು ಅವನ್ನು ಬದಲಿಸಬೇಕು. ಭಾನುವಾರ ಬೆಳಿಗ್ಗೆ ಮನೆಯಲ್ಲೇ ಇರುತ್ತೇನೆ, ಮಗನ ಕೈಯಲ್ಲಿ ಕಳಿಸಿಕೊಡಿ.